ಪದಬಂಧಕ್ಕೆ ರೂಲ್ಸ್ ಕೊಟ್ಟ ಮಾರ್ಗರೆಟ್

ಬ್ರೇಕ್ ಟೈಮಲ್ಲಿ ಫೋನ್ ತೆಗೆದು ದಿನದ ಕ್ರಾಸ್‌ವರ್ಡ್ ಬಿಡಿಸೋರು ನಮ್ಮಲ್ಲಿ ಬಹಳ ಜನ ಇದ್ದೀವಿ. ಇವತ್ತು ಸಿನಿಮಾ ಥೀಮ್, ನಾಳೆ ಊಟದ ಥೀಮ್. ಆದರೆ ಈ ಚೌಕಗಳು ಹೀಗೇ ಇರಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಹುಡುಕುತ್ತಾ ಹೋದರೆ ಸಿಗುವ ದೊಡ್ಡ ಹೆಸರು ಮಾರ್ಗರೆಟ್ ಪೆದರ್‌ಬ್ರಿಜ್ ಫ್ಯಾರರ್.

ಮಾರ್ಗರೆಟ್ ಹುಟ್ಟಿದ್ದು 1897ರಲ್ಲಿ, ಅಮೆರಿಕದ ಬ್ರೂಕ್ಲಿನ್‌ನಲ್ಲಿ. ಸ್ಮಿತ್ ಕಾಲೇಜಿನಲ್ಲಿ ಪದವಿ ಮುಗಿಸಿ, 1921ರಲ್ಲಿ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಗೆ ಸೆಕ್ರೆಟರಿಯಾಗಿ ಸೇರಿದರು. ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ವಜ್ರದ ಆಕಾರದ ಮೊದಲ ಕ್ರಾಸ್‌ವರ್ಡ್ ಪ್ರಕಟಿಸಿದ್ದು ಇದೇ ಪತ್ರಿಕೆಯಲ್ಲಿ. ಓದುಗರಿಗೆ ಅದರ ಹುಚ್ಚು ಹಿಡಿದಿತ್ತು, ಆದರೆ ಆಫೀಸಿನಲ್ಲಿ ಅದು ಯಾರಿಗೂ ಬೇಡದ ಕೆಲಸ. ಹೊಸದಾಗಿ ಬಂದ ಮಾರ್ಗರೆಟ್ ತಲೆಗೆ ಅದು ಬಿತ್ತು.

ಅವರಿಗೂ ಅದರಲ್ಲಿ ಆಸಕ್ತಿ ಇರಲಿಲ್ಲ. ಓದುಗರು ಕಳಿಸಿದ ರಾಶಿಯಲ್ಲಿ ನೋಡೋಕೆ ಚೆನ್ನಾಗಿರೋದನ್ನ ಎತ್ತಿ ಪ್ರೆಸ್ಸಿಗೆ ಕಳಿಸಿಬಿಡೋರು. ಒಂದನ್ನೂ ತಾವು ಬಿಡಿಸಿ ನೋಡ್ತಿರಲಿಲ್ಲ. ಟೆಸ್ಟ್ ಮಾಡದೇ ಕೋಡ್ ಸಬ್ಮಿಟ್ ಮಾಡೋದು ಅಂತೀವಲ್ಲ, ಹಾಗೆ. ಅಚ್ಚಿನಲ್ಲಿ ಸುಳಿವುಗಳು ಬಿಟ್ಟು ಹೋಗ್ತಿದ್ದವು, ನಂಬರ್ ತಪ್ಪಾಗ್ತಿತ್ತು. ಬೈದು ಬರೆದ ಪತ್ರಗಳು ಬರ್ತಿದ್ದವು.

ಅಷ್ಟರಲ್ಲಿ ಫ್ರ್ಯಾಂಕ್ಲಿನ್ ಆಡಮ್ಸ್ ಎಂಬ ಪ್ರಸಿದ್ಧ ಅಂಕಣಕಾರ ಪತ್ರಿಕೆಗೆ ಬಂದರು. ಅವರಿಗೆ ಕ್ರಾಸ್‌ವರ್ಡ್ ಎಂದರೆ ಪ್ರಾಣ. ಪ್ರತಿ ವಾರ ತಪ್ಪುಗಳನ್ನೆಲ್ಲ ತೋರಿಸಿ ಮಾರ್ಗರೆಟ್‌ಗೆ ಕ್ಲಾಸ್ ತಗೊಳ್ಳೋಕೆ ಶುರು ಮಾಡಿದರು. ಕೊನೆಗೆ ಮಾರ್ಗರೆಟ್ ತಾವೇ ಕೂತು ಒಂದು ಪದಬಂಧ ಬಿಡಿಸಲು ಹೊರಟರು. ಆಗ ಗೊತ್ತಾಯಿತು, ಅದು ಎಷ್ಟು ಕೆಟ್ಟದಾಗಿದೆ ಅಂತ! ಡಿಕ್ಷನರಿಯ ಮೇಲೆ ಕೈಯಿಟ್ಟು, ಇನ್ನು ಮುಂದೆ ಸರಿಯಾಗಿ ಮಾಡ್ತೀನಿ ಅಂತ ಆಣೆ ಮಾಡಿದ್ದಾಗಿ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಅಲ್ಲಿಂದ ರೂಲ್ಸ್ ಬಂದವು. ಜೊತೆಗೆ ಇಬ್ಬರು ಸಹೋದ್ಯೋಗಿಗಳೂ ಕೈಜೋಡಿಸಿದರು. ಚೌಕವನ್ನು ತಲೆಕೆಳಗೆ ಮಾಡಿದರೂ ಕಪ್ಪು ಚೌಕಗಳ ವಿನ್ಯಾಸ ಹಾಗೇ ಇರಬೇಕು. ಕಪ್ಪು ಚೌಕಗಳು ಒಟ್ಟು ಚೌಕಗಳ ಆರನೇ ಒಂದು ಭಾಗವನ್ನು ಮೀರಬಾರದು. ಅಂದರೆ 15×15ರ ಪದಬಂಧದಲ್ಲಿ, 225ಕ್ಕೆ ಹೆಚ್ಚೆಂದರೆ 37. ಪ್ರತಿ ಅಕ್ಷರವೂ ಅಡ್ಡ ಪದಕ್ಕೂ ಉದ್ದ ಪದಕ್ಕೂ ಸೇರಬೇಕು. ಈ ಕೊನೆಯ ನಿಯಮ ನಮಗೆ ಬಹಳ ಹಿಡಿಸಿತು. ಅಡ್ಡ ಪದ ಗೊತ್ತಿಲ್ಲ ಅಂದರೂ ಉದ್ದ ಪದ ಕೈ ಹಿಡಿಯುತ್ತೆ. ತಪ್ಪು ಬರೆದರೆ ಅದೇ ತೋರಿಸಿಕೊಡುತ್ತೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಪ್ಯಾರಿಟಿ ಬಿಟ್ ಓದಿದವರಿಗೆ ಬೇರೆ ಹೇಳಬೇಕಿಲ್ಲ. ನಮ್ಮ ಕನ್ನಡ ಪದಬಂಧದಲ್ಲಿ ಒಂದು ಚೌಕಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ಒಂದು ಪೂರ್ತಿ ಅಕ್ಷರ ಕೂರುತ್ತೆ. ಹಾಗಾಗಿ ಇಷ್ಟು ಬಿಗಿಯಾಗಿ ಹೆಣೆಯೋದು ಕಷ್ಟ, ಕಪ್ಪು ಚೌಕಗಳೂ ಜಾಸ್ತಿ.

1924ರಲ್ಲಿ ಈ ಮೂವರು ಸೇರಿ ಮೊದಲ ಕ್ರಾಸ್‌ವರ್ಡ್ ಪುಸ್ತಕ ತಂದರು. ಪ್ರಕಾಶಕರಾದ ಸೈಮನ್ ಮತ್ತು ಶುಸ್ಟರ್ ಆಗಷ್ಟೇ ಅಂಗಡಿ ತೆರೆದಿದ್ದರು. ನಗೆಪಾಟಲಾಗ್ತೀವಿ ಅಂತ ಹೆದರಿ ಪುಸ್ತಕದ ಮೇಲೆ ತಮ್ಮ ಹೆಸರನ್ನೇ ಹಾಕಲಿಲ್ಲ. ಮೊದಲು ಅಚ್ಚಾದದ್ದು 3,600 ಪ್ರತಿ, ಜೊತೆಗೆ ಒಂದು ಪೆನ್ಸಿಲ್. ಅದೇ ವರ್ಷ ಲಕ್ಷಗಟ್ಟಲೆ ಪ್ರತಿ ಖರ್ಚಾದವು.

ನ್ಯೂಯಾರ್ಕ್ ಟೈಮ್ಸ್ ಮಾತ್ರ ಇದು ಟೈಮ್ ವೇಸ್ಟ್ ಅಂತ ಮೂಗು ಮುರಿದಿತ್ತು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿತ್ತು, ಅಮೆರಿಕ ಯುದ್ಧಕ್ಕಿಳಿಯಿತು. ಪೇಪರ್ ತುಂಬ ಸಾವಿನ ಸುದ್ದಿ. ಓದುಗರ ಮನಸ್ಸಿಗೆ ಸ್ವಲ್ಪ ಬಿಡುವು ಬೇಕು ಅಂತ ಅದೇ ಪತ್ರಿಕೆಗೆ ಅನಿಸಿತು. ಹಾಗೆ 1942ರ ಫೆಬ್ರವರಿ 15ರಂದು ಅವರ ಭಾನುವಾರದ ಕ್ರಾಸ್‌ವರ್ಡ್ ಶುರುವಾಯಿತು. ಸಂಪಾದಕಿ ಮಾರ್ಗರೆಟ್. ತಿಂಡಿ ತಿನ್ನುತ್ತಾ ಬಿಡಿಸುವವರಿಗೆ ರೋಗ, ಸಾವು ನೆನಪಾಗುವ ಪದ ಬರಬಾರದು ಅನ್ನೋದು ಅವರ ಇನ್ನೊಂದು ನಿಯಮ. 1950ರಲ್ಲಿ ಅದು ದಿನದ ಪದಬಂಧವೂ ಆಯಿತು. ಒಂದೇ ಪದದ ಬದಲು ಎರಡು ಮೂರು ಪದಗಳ ನುಡಿಗಟ್ಟುಗಳಿಗೂ ಅವರು ಜಾಗ ಕೊಟ್ಟರು. ಉದ್ದದ ಉತ್ತರಗಳನ್ನೆಲ್ಲ ಒಂದೇ ವಿಷಯಕ್ಕೆ ಪೋಣಿಸುವ ಥೀಮ್‌ಗೆ ಇದರಿಂದ ದಾರಿ ಸುಲಭವಾಯಿತು.

1969ರಲ್ಲಿ ಟೈಮ್ಸ್‌ನಿಂದ ನಿವೃತ್ತಿಯಾದರೂ ಕೆಲಸ ನಿಲ್ಲಲಿಲ್ಲ. 1984ರಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಅದೇ ಪ್ರಕಾಶಕರ 134ನೇ ಪದಬಂಧ ಪುಸ್ತಕದ ಕೆಲಸವಿತ್ತು. ಯಾರಿಗೂ ಬೇಡದ ಕೆಲಸ ಅಂತ ಶುರುವಾದದ್ದು ಅರವತ್ತು ವರ್ಷ ಮೀರಿ ನಡೆಯಿತು. ಬದಲಾದದ್ದು ಕೆಲಸ ಅಲ್ಲ, ಒಮ್ಮೆ ಓದುಗರ ಜಾಗದಲ್ಲಿ ಕೂತು ಅವರು ಪೆನ್ಸಿಲ್ ಹಿಡಿದದ್ದು. ನಮ್ಮ ಲ್ಯಾಬ್ ರೆಕಾರ್ಡ್ ಇರಲಿ, ಪ್ರಾಜೆಕ್ಟ್ ಇರಲಿ, ಕೊಡೋ ಮೊದಲು ನಾವೇ ಒಂದ್ಸಲ ಬಳಸಿ ನೋಡೋಣ. ಎಲ್ಲಿ ತೊಡಕಿದೆ ಅಂತ ಆಗ ತಾನೇ ಗೊತ್ತಾಗೋದು?