ನಾರಾಯಣ ವಾಮನ ತಿಲಕ್: ಚರ್ಚ್‌ಗಳ ಗೋಡೆ ದಾಟಲು ಹೊರಟ ಮರಾಠಿ ಕವಿ

ತಿಲಕ್ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಲೋಕಮಾನ್ಯ ತಿಲಕ್. ಅದೇ ರತ್ನಗಿರಿ ಜಿಲ್ಲೆಯಲ್ಲಿ ಹುಟ್ಟಿದ ಇನ್ನೊಬ್ಬ ತಿಲಕರಿದ್ದರು. ಅವರು ಕವಿ ನಾರಾಯಣ ವಾಮನ ತಿಲಕ್.

1861ರ ಡಿಸೆಂಬರ್ 6ರಂದು ಚಿತ್ಪಾವನ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ನಾರಾಯಣ, ತಾಯಿ ತೀರಿಕೊಂಡ ಬಳಿಕ ಮನೆ ಬಿಟ್ಟು ನಾಸಿಕ್ ಸೇರಿದರು. ಸಂಸ್ಕೃತ ಕಲಿತದ್ದು ಅಲ್ಲೇ. ನಾಸಿಕ್ ಬಳಿಯ ಜಲಾಲಪುರದ ಲಕ್ಷ್ಮೀಬಾಯಿ ಅವರ ಕೈಹಿಡಿದರು. ಮದುವೆಯಾದಾಗ ವಧುವಿಗೆ ಇನ್ನೂ ಸುಮಾರು 11 ವರ್ಷ.

1893ರಲ್ಲಿ ರೈಲು ಪ್ರಯಾಣದಲ್ಲಿ ಅಪರಿಚಿತ ಯುರೋಪಿಯನ್ ಒಬ್ಬರು ತಿಲಕರ ಕೈಗೆ ಹೊಸ ಒಡಂಬಡಿಕೆಯ ಪ್ರತಿ ಕೊಟ್ಟರು. ಎರಡು ವರ್ಷಗಳ ನಂತರ, 1895ರ ಫೆಬ್ರವರಿ 10ರಂದು, ಮುಂಬೈನಲ್ಲಿ ತಿಲಕ್ ದೀಕ್ಷಾಸ್ನಾನ ಪಡೆದರು. ಪತ್ನಿಗೆ ಇದು ಸಿಡಿಲೆರಗಿದಂತಾಯಿತು. ಮಗನನ್ನು ಕಟ್ಟಿಕೊಂಡು ಲಕ್ಷ್ಮೀಬಾಯಿ ವರ್ಷಗಟ್ಟಲೆ ಬಂಧುಗಳ ಮನೆಯಲ್ಲೇ ಉಳಿದರು. ಕೊನೆಗೆ ಅಹಮದ್‌ನಗರಕ್ಕೆ, ಅಂದರೆ ಇಂದಿನ ಅಹಿಲ್ಯಾನಗರಕ್ಕೆ, ಗಂಡನ ಬಳಿ ಬಂದಾಗಲೂ ಮಡಿ ಬಿಡಲಿಲ್ಲ. 1900ರಲ್ಲಿ ಅವರೂ ಕ್ರೈಸ್ತರಾದರು, ಅದೂ ಸ್ವಂತ ನಿರ್ಧಾರದಿಂದ. ಈ ಸಂಕಟವನ್ನೆಲ್ಲ ಅವರು 'ಸ್ಮೃತಿಚಿತ್ರೆ' ಆತ್ಮಕಥನದಲ್ಲಿ ನಗುನಗುತ್ತಲೇ ಹೇಳಿಕೊಂಡಿದ್ದಾರೆ.

ಅಮೆರಿಕನ್ ಮರಾಠಿ ಮಿಷನ್‌ನಲ್ಲಿ ಬೋಧಕರಾದ ತಿಲಕರಿಗೆ ಕಾಡಿದ್ದು ಬೇರೆಯದೇ ಪ್ರಶ್ನೆ. ವಿದೇಶಿ ಮಿಷನ್‌ಗಳು ತಮ್ಮ ಜೊತೆ ತಮ್ಮ ಪಂಗಡಗಳನ್ನೂ ತಂದಿದ್ದವು. ಆಂಗ್ಲಿಕನ್, ಪ್ರೆಸ್ಬಿಟೇರಿಯನ್, ಕಾಂಗ್ರೆಗೇಷನಲ್ ಎಂಬ ಈ ಜಗಳಗಳು ಯುರೋಪಿನವು. ಮರಾಠಿ ನೆಲಕ್ಕೆ ಅವುಗಳ ಗೊಡವೆಯೇ ಇರಲಿಲ್ಲ. ತಿಲಕ್ ಬೇರೆ ದಾರಿ ಹಿಡಿದರು. ಜ್ಞಾನೇಶ್ವರ, ತುಕಾರಾಮರ ಅಭಂಗ ಮತ್ತು ಓವಿ ಛಂದಸ್ಸಿನಲ್ಲಿ ಕ್ರಿಸ್ತನ ಭಜನೆಗಳನ್ನು ಬರೆದರು, ಕೀರ್ತನೆ ಮಾಡಿದರು. ಅವರ ಭಜನೆಗಳನ್ನು ಮರಾಠಿ ಚರ್ಚ್‌ಗಳಲ್ಲಿ ಇಂದಿಗೂ ಹಾಡುತ್ತಾರೆ.

1917ರಲ್ಲಿ ತಿಲಕ್ ಮಿಷನ್‌ನ ಸಂಬಳದ ಕೆಲಸ ಬಿಟ್ಟು ಸನ್ಯಾಸಿಯಂತೆ ಬದುಕಲು ನಿರ್ಧರಿಸಿದರು. ಸಾತಾರಾದಲ್ಲಿ 'ದೇವರ ದರ್ಬಾರ್' ಆರಂಭಿಸಿದರು. ದೀಕ್ಷಾಸ್ನಾನ ಪಡೆದವರು, ಪಡೆಯದವರು ಇಬ್ಬರಿಗೂ ಅಲ್ಲಿ ಸಮಾನ ಜಾಗ. ಪಂಗಡಗಳ ಗೋಡೆಯಷ್ಟೇ ಅಲ್ಲ, ಚರ್ಚ್‌ನ ಹೊರಗೋಡೆಯನ್ನೇ ಮುಟ್ಟಿದ ಹೆಜ್ಜೆಯಿದು. ಆದರೆ ಕಾಲ ಕೂಡಿಬರಲಿಲ್ಲ. 1919ರ ಮೇ 9ರಂದು ಮುಂಬೈನಲ್ಲಿ ತಿಲಕ್ ನಿಧನರಾದರು. ದರ್ಬಾರ್ ಹೆಚ್ಚು ದಿನ ಉಳಿಯಲಿಲ್ಲ. ಅವರು ಅರ್ಧಕ್ಕೆ ಬಿಟ್ಟ 'ಖ್ರಿಸ್ತಾಯನ' ಮಹಾಕಾವ್ಯವನ್ನು ಮುಂದುವರಿಸಿದ್ದು ಒಂದು ಕಾಲಕ್ಕೆ ಮುನಿಸಿಕೊಂಡು ದೂರವಿದ್ದ ಅದೇ ಲಕ್ಷ್ಮೀಬಾಯಿ.

ದಕ್ಷಿಣದಲ್ಲಿ 1947ರಲ್ಲಿ ಸಿಎಸ್‌ಐ ರೂಪುಗೊಂಡಂತೆ, 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತದ ಆರು ಸಭೆಗಳು ಒಂದಾಗಿ ಸಿಎನ್‌ಐ ಆಯಿತು. ನಾಸಿಕ್‌ನ ಆಂಗ್ಲಿಕನ್ನರೂ ಅಹಮದ್‌ನಗರದ ಕಾಂಗ್ರೆಗೇಷನಲ್ ಸಭೆಯವರೂ ಹೀಗೆ ಒಂದೇ ಸಭೆಗೆ ಸೇರಿದರು. ದೀಕ್ಷಾಸ್ನಾನ ಪಡೆಯದವರಿಗೆ ತಿಲಕ್ ತೆರೆದಿದ್ದ ಬಾಗಿಲು ಮಾತ್ರ ಆ ಒಪ್ಪಂದದಲ್ಲಿ ಇರಲಿಲ್ಲ.