ರೋರ್ಶಾಕ್ ಕೇಳಿದ್ದು ಬೇರೆ, ನಾವು ಕೇಳ್ತಿರೋದು ಬೇರೆ

ಮಮ್ಮೂಟ್ಟಿಯ ‘ರೋರ್ಶಾಕ್’ ಸಿನಿಮಾ ನೋಡಿದವರಿಗೆ, ‘ವಾಚ್‌ಮೆನ್’ ಕಾಮಿಕ್ಸ್ ಓದಿದವರಿಗೆ ಈ ಹೆಸರು ಗೊತ್ತು. ಆದರೆ ಅದು 37ನೇ ವಯಸ್ಸಿಗೇ ತೀರಿಹೋದ ಒಬ್ಬ ಸ್ವಿಸ್ ಡಾಕ್ಟರ ಹೆಸರು ಅಂದರೆ ನನ್ನ ಗೆಳೆಯರಲ್ಲೇ ಅನೇಕರು ಹುಬ್ಬೇರಿಸುತ್ತಾರೆ.

ಹೆರ್ಮನ್ ರೋರ್ಶಾಕ್ ಹುಟ್ಟಿದ್ದು 1884ರಲ್ಲಿ, ಜ್ಯೂರಿಕ್‌ನಲ್ಲಿ. ಬೆಳೆದದ್ದು ಶಾಫ್‌ಹೌಸನ್ ಎಂಬ ಊರಿನಲ್ಲಿ. ಅಪ್ಪ ಡ್ರಾಯಿಂಗ್ ಮೇಷ್ಟ್ರು. ಹುಡುಗನಿಗೆ 12 ವರ್ಷ ಇದ್ದಾಗ ಅಮ್ಮ ಹೋದರು, 18ಕ್ಕೆ ಅಪ್ಪನೂ ಹೋದರು. ಶಾಲೆಯ ಗೆಳೆಯರ ಬಳಗ ಅವನಿಗೆ ಇಟ್ಟಿದ್ದ ಅಡ್ಡಹೆಸರು ‘ಕ್ಲೆಕ್ಸ್’. ಅಂದರೆ ಶಾಯಿ ಕಲೆ! ಕಾಗದದ ಮೇಲೆ ಶಾಯಿ ಚೆಲ್ಲಿ, ಮಡಚಿ, ಬಿಡಿಸಿ ಚಿತ್ರ ಹುಡುಕುವ ಆಟ ಆ ಕಾಲದ ಯುರೋಪಿನ ಮಕ್ಕಳಿಗೆಲ್ಲ ಗೊತ್ತಿತ್ತು. ಹಾಗಾಗಿ ವಿಧಿಲಿಖಿತ ಅಂತೆಲ್ಲ ಕಥೆ ಕಟ್ಟುವುದು ಬೇಡ.

ಕಲೆಯೋ ವಿಜ್ಞಾನವೋ ಎಂಬ ಗೊಂದಲದಲ್ಲಿ ಆತ ವೈದ್ಯಕೀಯ ಆರಿಸಿಕೊಂಡ. ಜ್ಯೂರಿಕ್‌ನಲ್ಲಿ ‘ಸ್ಕಿಜೋಫ್ರೇನಿಯಾ’ ಎಂಬ ಪದವನ್ನೇ ಕೊಟ್ಟ ಬ್ಲಾಯ್ಲರ್ ಅವನ ಗುರು. ಜೊತೆಗೆ ಓದಿದ ರಷ್ಯನ್ ಹುಡುಗಿ ಓಲ್ಗಾಳನ್ನು 1910ರಲ್ಲಿ ಮದುವೆಯಾದ, ಕೆಲವು ತಿಂಗಳು ಮಾಸ್ಕೋ ಹತ್ತಿರದ ಆಸ್ಪತ್ರೆಯಲ್ಲೂ ದುಡಿದ. 1915ರಿಂದ ಸಾಯುವವರೆಗೂ ಇದ್ದದ್ದು ಹೆರಿಸೌ ಎಂಬ ಸಣ್ಣ ಊರಿನ ಮಾನಸಿಕ ಆಸ್ಪತ್ರೆಯಲ್ಲಿ. ರೋಗಿಗಳಿಗಾಗಿ ನಾಟಕ ಆಡಿಸುತ್ತಿದ್ದ, ಗೊಂಬೆ ಮಾಡುತ್ತಿದ್ದ. ದೊಡ್ಡ ವಿಶ್ವವಿದ್ಯಾಲಯ, ಲ್ಯಾಬ್, ಫಂಡಿಂಗ್ ಯಾವುದೂ ಇರಲಿಲ್ಲ.

ಶಾಯಿ ಕಲೆ ತೋರಿಸಿ ಉತ್ತರ ಕೇಳುವುದನ್ನು ಬೇರೆಯವರೂ ಮಾಡಿದ್ದರು. 1917ರಲ್ಲಿ ಬ್ಲಾಯ್ಲರ್ ಕೈಕೆಳಗೇ ಷಿಮೊನ್ ಹೆನ್ಸ್ ಎಂಬ ವಿದ್ಯಾರ್ಥಿ ಎಂಟು ಕಲೆಗಳಿಟ್ಟುಕೊಂಡು ಪ್ರಬಂಧ ಬರೆದಿದ್ದ. ಅವನ ಆಸಕ್ತಿ ಇದ್ದದ್ದು ಜನ ಏನನ್ನು ಕಲ್ಪಿಸಿಕೊಳ್ಳುತ್ತಾರೆ ಎಂಬುದರಲ್ಲಿ. ರೋರ್ಶಾಕ್ ಪ್ರಶ್ನೆಯನ್ನೇ ಬದಲಿಸಿದ. ಬಾವಲಿ ಕಂಡಿತಾ, ಚಿಟ್ಟೆ ಕಂಡಿತಾ ಅನ್ನುವುದಕ್ಕಿಂತ ಹೇಗೆ ಕಂಡಿತು ಅನ್ನುವುದು ಅವನಿಗೆ ಮುಖ್ಯ. ಇಡೀ ಕಲೆ ನೋಡಿದಿರಾ, ಮೂಲೆಯ ಒಂದು ಚೂರು ನೋಡಿದಿರಾ? ಆಕಾರ ನಿಮ್ಮನ್ನು ಸೆಳೆಯಿತಾ, ಬಣ್ಣವಾ? ನಿಂತ ಚಿತ್ರದಲ್ಲಿ ಮನುಷ್ಯರು ಓಡಾಡುವುದು ಕಂಡಿತಾ? ಇದನ್ನೆಲ್ಲ ಎಣಿಸಿದ, ಕೋಡ್ ಹಾಕಿದ. ಇಂಜಿನಿಯರಿಂಗ್ ಓದಿ ಬಂದ ನನಗೆ ಈ ಜಾಗದಲ್ಲಿ ಆತ ತುಂಬ ಹತ್ತಿರದವನು ಅನ್ನಿಸುತ್ತಾನೆ. ಔಟ್‌ಪುಟ್ ಬಿಟ್ಟು ಪ್ರೋಸೆಸ್ ನೋಡಿದವನು.

ಆ ಕಲೆಗಳು ಅಡ್ಡಾದಿಡ್ಡಿ ಚೆಲ್ಲಿದವೂ ಅಲ್ಲ. ಚಿತ್ರ ಬರೆಯುವ ಕೈ ಇದ್ದವನು ಕೂತು ತಿದ್ದಿ ತೀಡಿ ಮಾಡಿದವು. ಕೊನೆಗೆ ಉಳಿದದ್ದು 10 ಕಾರ್ಡು: ಐದು ಕಪ್ಪು-ಬೂದು, ಎರಡರಲ್ಲಿ ಕೆಂಪು, ಮೂರರಲ್ಲಿ ಹಲವು ಬಣ್ಣ. ಒಟ್ಟು 405 ಜನರ ಮೇಲೆ ಪರೀಕ್ಷಿಸಿದ. ಅದರಲ್ಲಿ ಆರೋಗ್ಯವಂತರು 117 ಮಾತ್ರ. ಸ್ಯಾಂಪಲ್ ಚಿಕ್ಕದು ಅಂತ ಅವನಿಗೇ ಗೊತ್ತಿತ್ತು. ತನ್ನದನ್ನು ಪ್ರಯೋಗ ಎಂದೇ ಕರೆದ, ಸಿದ್ಧಾಂತ ಇನ್ನೂ ಅರೆಬರೆ ಎಂದು ಒಪ್ಪಿಕೊಂಡ.

ಪ್ರಕಾಶಕರು ಹಿಂದೇಟು ಹಾಕಿದರು. ಅಂತೂ 1921ರಲ್ಲಿ ‘ಸೈಕೋಡಯಾಗ್ನೋಸ್ಟಿಕ್’ ಅಚ್ಚಾಯಿತು. ಮುದ್ರಣದಲ್ಲಿ ಕಾರ್ಡುಗಳ ಅಳತೆ ಕುಗ್ಗಿತು, ಕಪ್ಪಿನೊಳಗೆ ಮೂಲದಲ್ಲಿ ಇಲ್ಲದ ಛಾಯೆಗಳು ಬಂದವು. ರೋರ್ಶಾಕ್ ಆ ಛಾಯೆಗಳಲ್ಲೂ ಕುತೂಹಲ ತೋರಿಸಿದ. ಮುಂದೆ ಅವಕ್ಕೂ ಅಂಕ ಬಂತು! ಪ್ರೆಸ್ಸಿನ ಎಡವಟ್ಟು ಜನರ ಆತಂಕ ಅಳೆಯುವ ಮಾನದಂಡವಾದ ಕಥೆ ಇದು.

ಪುಸ್ತಕ ಮಾರಾಟವಾಗಲಿಲ್ಲ. 1922ರ ಏಪ್ರಿಲ್ 2ರಂದು ಅಪೆಂಡಿಕ್ಸ್ ಒಡೆದು, ಸೋಂಕು ಹೊಟ್ಟೆಯೆಲ್ಲ ಹರಡಿ ರೋರ್ಶಾಕ್ ತೀರಿಕೊಂಡ. ಇಬ್ಬರು ಪುಟ್ಟ ಮಕ್ಕಳಿದ್ದರು. ಪ್ರಕಾಶಕನೂ ದಿವಾಳಿಯಾದ.

ಬೀಟಾ ವರ್ಷನ್ ಬಿಟ್ಟು ಡೆವಲಪರ್ ಸತ್ತರೆ ಏನಾಗುತ್ತೆ? ಅದೇ ಆಯಿತು. ಅಮೆರಿಕಕ್ಕೆ ಹೋದ ಕಾರ್ಡುಗಳನ್ನು ಬೆಕ್ ಒಂದು ಥರ, ಕ್ಲೋಫರ್ ಇನ್ನೊಂದು ಥರ ಓದಿದರು. ಇಬ್ಬರಿಗೂ ಆಗಿಬರಲಿಲ್ಲ. ಸೇನೆ ಬಳಸಿತು, ಮಗು ಯಾರ ಬಳಿ ಇರಬೇಕು ಎಂದು ತೀರ್ಮಾನಿಸುವ ಕೋರ್ಟುಗಳಿಗೂ ಬಂತು. ಕಾರ್ಡಿನಲ್ಲಿ ಕಂಡ ಇಬ್ಬರು ಜಗಳವಾಡ್ತಿದ್ದಾರಾ, ಕೂಡಿ ಕೆಲಸ ಮಾಡ್ತಿದ್ದಾರಾ ಅನ್ನುವುದರಿಂದ ನೋಡುವವನ ಸಂಬಂಧಗಳ ಸ್ವರೂಪವನ್ನೇ ಅಳೆಯಲು ಶುರು ಮಾಡಿದರು.

ದೊಡ್ಡ ಪರೀಕ್ಷೆ ನ್ಯೂರೆಂಬರ್ಗ್ ಜೈಲಿನಲ್ಲಿ ನಡೆಯಿತು. ಗೋರಿಂಗ್ ಮುಂತಾದ ನಾಜಿ ನಾಯಕರಿಗೆ ಮನೋವೈದ್ಯ ಕೆಲ್ಲಿ, ಮನಶ್ಶಾಸ್ತ್ರಜ್ಞ ಗಿಲ್ಬರ್ಟ್ ಇದೇ ಕಾರ್ಡು ತೋರಿಸಿದರು. ಗಿಲ್ಬರ್ಟ್‌ಗೆ ರೋಗಿಷ್ಠ ಮನಸ್ಸುಗಳು ಕಂಡವು. ಕೆಲ್ಲಿಗೆ ಎಲ್ಲಿಯೂ ಸಿಗಬಹುದಾದ ಮಹತ್ವಾಕಾಂಕ್ಷಿಗಳು ಕಂಡರು. 1970ರ ದಶಕದಲ್ಲಿ ಮಾಲಿ ಹ್ಯಾರೋವರ್ ಈ ಉತ್ತರಗಳನ್ನು ಹೆಸರಿಲ್ಲದೆ ಬೇರೆಯವರ ಉತ್ತರಗಳ ಜೊತೆ ಬೆರೆಸಿ ತಜ್ಞರ ಮುಂದಿಟ್ಟರು. ಯಾರು ನಾಜಿ ಅಂತ ಬೇರ್ಪಡಿಸಲು ಅವರಿಂದ ಆಗಲಿಲ್ಲ. ದ್ವೇಷ ಹಬ್ಬಿಸುವವರನ್ನು ‘ಸೈಕೋ’ ಅಂತ ಕರೆದು ಕೈ ತೊಳೆದುಕೊಳ್ಳುವ ನಮ್ಮ ಟೈಮ್‌ಲೈನ್‌ಗಳಿಗೆ ಇದು ಒಳ್ಳೆ ಸುದ್ದಿಯಲ್ಲ.

ಹಾಗಾದರೆ ಇದೆಲ್ಲ ಬರೀ ಗಿಳಿಶಾಸ್ತ್ರವಾ? ಅಷ್ಟು ಸಲೀಸಾಗಿ ಹೇಳಕ್ಕಾಗಲ್ಲ. 1974ರಲ್ಲಿ ಎಕ್ಸ್‌ನರ್ ಒಂದೇ ವ್ಯವಸ್ಥೆಗೆ ತಂದ ಮೇಲೂ ಆರೋಗ್ಯವಂತರನ್ನು ರೋಗಿಗಳಂತೆ ತೋರಿಸುತ್ತೆ ಎಂಬ ಆರೋಪ ನಿಲ್ಲಲಿಲ್ಲ. 2013ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಒಂದೊಂದೇ ಅಳತೆಯನ್ನು ಜಾಲಾಡಿದರು. ಕೆಲವು ಬಿದ್ದುಹೋದವು. ಗಟ್ಟಿಯಾಗಿ ನಿಂತವು ಗ್ರಹಿಕೆ ಮತ್ತು ಆಲೋಚನೆಯ ಅಸ್ತವ್ಯಸ್ತತೆಯನ್ನು ಹಿಡಿಯುವಂಥವು. ಅಂದರೆ ಹೆರಿಸೌ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಮುಂದೆ ಕೂತು ಆತ ಹುಡುಕುತ್ತಿದ್ದ ಸಂಗತಿಗೆ ಹತ್ತಿರದವು.

ನಾನು ಕಾಲೇಜಿನಲ್ಲಿದ್ದಾಗ ಪ್ಲೇಸ್‌ಮೆಂಟಿಗೆ ಬಂದ ಕಂಪನಿಯೊಂದು 20 ನಿಮಿಷದ ಪರ್ಸನಾಲಿಟಿ ಟೆಸ್ಟ್ ಮಾಡಿ ಅರ್ಧ ಕ್ಲಾಸನ್ನು ಮನೆಗೆ ಕಳಿಸಿತ್ತು. ಆ ಸ್ಕೋರು ಹೇಗೆ ಬಂತು ಅಂತ ಯಾರೂ ಹೇಳಲಿಲ್ಲ. ರೋರ್ಶಾಕ್ ತನ್ನ ಸ್ಕೋರು ಹೇಗೆ ಬಂತು, ಎಲ್ಲಿ ಅನುಮಾನ ಇದೆ ಅನ್ನೋದನ್ನು ಪುಸ್ತಕದಲ್ಲೇ ಬರೆದಿಟ್ಟಿದ್ದ.

ಕಾಪಿರೈಟ್ ಮುಗಿದ ಆ ಕಾರ್ಡುಗಳು 2009ರಲ್ಲಿ ವಿಕಿಪೀಡಿಯಾಕ್ಕೆ ಬಂದಾಗ ಪರೀಕ್ಷೆ ಹಾಳಾಯಿತು ಅಂತ ಮನಶ್ಶಾಸ್ತ್ರಜ್ಞರು ಗಲಾಟೆ ಎಬ್ಬಿಸಿದರು. ಆದರೂ ಪರೀಕ್ಷೆ ನಿಂತಿಲ್ಲ. ಕ್ಲಿನಿಕಲ್ ಸೈಕಾಲಜಿ ಓದುವವರು ನಮ್ಮ ಬೆಂಗಳೂರಿನಲ್ಲೂ ಈಗಲೂ ಕಲಿಯುವುದು ಅವೇ 10 ಕಾರ್ಡು, ಅದೇ ಕ್ರಮದಲ್ಲಿ, ಪ್ರೆಸ್ಸಿನವನು ಸೇರಿಸಿದ ಛಾಯೆಗಳ ಸಮೇತ.