ಹಾಕಿಪಟು ಲೆಸ್ಲಿ ಕ್ಲಾಡಿಯಸ್

ಹಾಕಿ ಎಂದೊಡನೆ ಜನರ ನಾಲಿಗೆಗೆ ಬರುವುದು ಗೋಲು ಹೊಡೆದವರ ಹೆಸರು. ಧ್ಯಾನಚಂದ್, ಬಲಬೀರ್ ಸಿಂಗ್ ಮೊದಲಾದವರ ಕೀರ್ತಿಯನ್ನು ಅರಿಯದವರಿಲ್ಲ. ಮುಂಪಡೆಯ ಬೆನ್ನಹಿಂದೆ ನಿಂತು, ಎದುರಾಳಿಯಿಂದ ಚೆಂಡನ್ನು ಕಸಿದು ಮುಂದಿನವರಿಗೆ ಒಪ್ಪಿಸುವ ಹಾಫ್‌ಬ್ಯಾಕ್ ಆಟಗಾರನನ್ನು ನೆನೆಯುವವರು ವಿರಳ. ಅಂತಹ ಸ್ಥಾನದಲ್ಲಿ ಆಡಿಯೂ ಜಗದ್ವಿಖ್ಯಾತರಾದವರು ಲೆಸ್ಲಿ ವಾಲ್ಟರ್ ಕ್ಲಾಡಿಯಸ್.

ಇವರು 1927ರ ಮಾರ್ಚ್ 25ರಂದು ಬಿಲಾಸಪುರದಲ್ಲಿ, ಆಂಗ್ಲೋ-ಇಂಡಿಯನ್ ಮನೆತನದಲ್ಲಿ ಜನಿಸಿದರು. ಮೊದಲು ಇವರ ಮನಸ್ಸು ಒಲಿದದ್ದು ಫುಟ್‌ಬಾಲಿಗೆ. ಒಮ್ಮೆ ಖರಗ್‌ಪುರದಲ್ಲಿ ಬಂಗಾಳ-ನಾಗಪುರ ರೈಲ್ವೆಯವರ ಹಾಕಿ ಅಭ್ಯಾಸ ಪಂದ್ಯವನ್ನು ನೋಡುತ್ತ ನಿಂತಿದ್ದಾಗ ಆಟಗಾರನೊಬ್ಬ ಕಡಿಮೆ ಬಿದ್ದನು. 1932ರ ಲಾಸ್ ಏಂಜಲೀಸ್ ಒಲಿಂಪಿಕ್‌ನಲ್ಲಿ ಚಿನ್ನ ಗೆದ್ದ ತಂಡದ ಡಿಕ್ಕಿ ಕಾರ್ ಎಂಬವರು ಈ ತರುಣನನ್ನು ಕರೆದು ಆಟಕ್ಕೆ ಇಳಿಸಿದರು. ಹೊತ್ತು ತುಂಬಲೆಂದು ಇಳಿದವರು ಕೆಲವೇ ವರ್ಷಗಳಲ್ಲಿ ಭಾರತದ ತಂಡವನ್ನು ಸೇರಿದರು!

1948ರಲ್ಲಿ ಲಂಡನ್ನಿನಲ್ಲಿ ನಮ್ಮವರು ಬ್ರಿಟನ್ನನ್ನು 4-0ರಿಂದ ಸೋಲಿಸಿ ಸ್ವತಂತ್ರ ಭಾರತದ ಪ್ರಥಮ ಒಲಿಂಪಿಕ್ ಚಿನ್ನವನ್ನು ತಂದಾಗ ಇಪ್ಪತ್ತೊಂದರ ಹರೆಯದ ಕ್ಲಾಡಿಯಸರು ಆ ತಂಡದಲ್ಲಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ನೆದರ್‌ಲೆಂಡ್ಸಿನ ಮೇಲೆ 6-1ರ ಜಯ. 1956ರಲ್ಲಿ ಮೆಲ್ಬರ್ನಿನಲ್ಲಿ ಪಾಕಿಸ್ತಾನದ ಮೇಲೆ 1-0ರ ಜಯ. ಮೂರು ಸಲವೂ ಚಿನ್ನ. ಮೆಲ್ಬರ್ನಿನ ಆ ಒಂದೇ ಗೋಲಿನ ಅಂತರ ಮುಂದೆ ಬರಲಿದ್ದುದರ ಸೂಚನೆಯಾಗಿತ್ತು. 1958ರ ಏಷ್ಯನ್ ಕ್ರೀಡಾಕೂಟದಲ್ಲಿ ಪಾಕಿಸ್ತಾನವು ಗೋಲುಗಳ ಸರಾಸರಿಯಲ್ಲಿ ನಮ್ಮನ್ನು ಹಿಂದೆ ಹಾಕಿತು.

ನಾಯಕತ್ವದ ಭಾರ ಕ್ಲಾಡಿಯಸರ ಹೆಗಲೇರಿದ್ದು 1960ರ ರೋಮ್ ಒಲಿಂಪಿಕ್‌ನಲ್ಲಿ. 1928ರಿಂದ ಆರು ಚಿನ್ನ, ಒಂದೂ ಸೋಲಿಲ್ಲ; ಗೆಲುವು ನಮ್ಮ ಪಿತ್ರಾರ್ಜಿತವೆಂದೇ ದೇಶ ಬಗೆದಿತ್ತು. ಸೆಪ್ಟೆಂಬರ್ 9ರ ಅಂತಿಮ ಪಂದ್ಯದ ಮೊದಲರ್ಧದಲ್ಲೇ ನಸೀರ್ ಬುಂದಾ ಹೊಡೆದ ಗೋಲು ತೀರಲಾಗದ ಸಾಲವಾಯಿತು. ಒಲಿಂಪಿಕ್‌ನಲ್ಲಿ ಸೋತ ಮೊದಲ ಭಾರತೀಯ ನಾಯಕನೆಂಬ ಹೆಸರು ಇವರ ಪಾಲಿಗೆ ಬಂದಿತು. ಈ ಹೊಣೆಯನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೆ ಸ್ವತಃ ಅವರೇ ಅದನ್ನು ಇಳಿಸಿಕೊಳ್ಳಲಿಲ್ಲ. ಮೂರು ಚಿನ್ನಗಳಿಗಿಂತ ಆ ಒಂದು ಬೆಳ್ಳಿಯೇ ಅವರ ಮನಸ್ಸಿನಲ್ಲಿ ಹೆಚ್ಚು ಭಾರವಾಗಿ ಉಳಿಯಿತು. ಲೋಕ ಮಾತ್ರ ಬೇರೆ ಲೆಕ್ಕವಿಟ್ಟಿತು: ಹಾಕಿಯಲ್ಲಿ ನಾಲ್ಕು ಒಲಿಂಪಿಕ್ ಪದಕಗಳ ದಾಖಲೆಯನ್ನು ಅವರು ಉಧಮ್ ಸಿಂಗ್ ಅವರೊಡನೆ ಹಂಚಿಕೊಂಡರು.

ಅವರ ಸಮುದಾಯದ ಅನೇಕರು ಸ್ವಾತಂತ್ರ್ಯಾನಂತರ ದೇಶ ಬಿಟ್ಟು ಹೋದರು. ಜಬಲ್ಪುರದ ಪಿಯರ್ಸ್ ಸಹೋದರರು ಆಸ್ಟ್ರೇಲಿಯಕ್ಕೆ ತೆರಳಿ ಆ ದೇಶದ ಪರವಾಗಿಯೇ ಆಡಿದರು. ಕ್ಲಾಡಿಯಸರು ಕಲ್ಕತ್ತೆಯಲ್ಲೇ ನೆಲೆಸಿ ಸುಂಕದ ಇಲಾಖೆಯಲ್ಲಿ ದುಡಿದರು. 1971ರಲ್ಲಿ ಪದ್ಮಶ್ರೀ ಸಂದಿತು. ಮಗ ಬಾಬಿ ತಂದೆಯಂತೆಯೇ ಭಾರತಕ್ಕಾಗಿ ಆಡಿ, 1978ರ ವಿಶ್ವಕಪ್ಪಿನಲ್ಲಿ ಪಾಲ್ಗೊಂಡನು. ಬಳಿಕ ಅಪಘಾತವೊಂದು ಅವನನ್ನು ಎಳೆಯ ವಯಸ್ಸಿನಲ್ಲೇ ಕರೆದೊಯ್ದಿತು. ಹೆತ್ತ ಕರುಳಿಗೆ ರೋಮಿನ ಸೋಲೂ ಸಣ್ಣದೆನಿಸುವ ನೋವದು.

2012ರ ಲಂಡನ್ ಒಲಿಂಪಿಕ್‌ನ ಕಾಲದಲ್ಲಿ ಅಲ್ಲಿಯ ರೈಲು ನಕ್ಷೆಯಲ್ಲಿ ನಿಲ್ದಾಣಗಳಿಗೆ ಒಲಿಂಪಿಕ್ ವೀರರ ಹೆಸರುಗಳನ್ನಿಟ್ಟಾಗ, ಧ್ಯಾನಚಂದ್ ಹಾಗೂ ರೂಪ್ ಸಿಂಗ್ ಸೋದರರೊಡನೆ ಕ್ಲಾಡಿಯಸರ ಹೆಸರೂ ಸೇರಿತು. ಅದೇ ವರ್ಷದ ಡಿಸೆಂಬರ್ 20ರಂದು, ಎಂಬತ್ತೈದರ ವಯಸ್ಸಿನಲ್ಲಿ, ಅವರು ಕಲ್ಕತ್ತೆಯಲ್ಲಿ ಕಣ್ಮುಚ್ಚಿದರು.